ಒಬ್ಬನ ಮನೆಯ ಬಿಸಿಬೇಳೆಬಾತು

ಸುಳ್ಳು ಹೇಳುವುದರಲ್ಲಿ ನಾನು ಅಷ್ಟೇನೂ ಪಳಗಿದವನಲ್ಲ. ಆದರೂ ದಿನಾ ಬೆಳಗ್ಗೆ ಒಂದು ಸುಳ್ಳು ತಪ್ಪದೆ ಹೇಳುತ್ತೇನೆ. ನಮ್ಮ ತುರುವೇಕೆರೆ ಕಡೆ ಬೆಳಗ್ಗೆ ಎದುರಾದವರು ನಮಸ್ಕಾರ ಅನ್ನುವುದಿಲ್ಲ, "ತಿಂಡಿ ಆಯ್ತಾ?" ಅನ್ನುತ್ತಾರೆ. ಅದಕ್ಕೆ ಉತ್ತರ ಒಂದೇ, "ಆಯ್ತು." ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು. ಮದುವೆಯಾದ ಹೊಸದರಲ್ಲಿ ಸಂಪಿಗೆ ಎಂಬ ಊರಿನಲ್ಲಿ, ಹೆಂಡತಿ ಸರೋಜಳ ಚಿಕ್ಕಮ್ಮನ ಮನೆಯಲ್ಲಿ, ಬಾಯಿತಪ್ಪಿ ನಿಜ ಹೇಳಿಬಿಟ್ಟೆ. ಪಾಪ, ಆಯಮ್ಮ ಹನ್ನೊಂದು ಗಂಟೆಗೆ ಮತ್ತೆ ಒಲೆ ಹಚ್ಚಿ ಅಕ್ಕಿರೊಟ್ಟಿ ತಟ್ಟಲು ಕೂತರು. "ಮಾನ ಕಳೆದ್ರಲ್ರೀ! ಆಯ್ತು ಅನ್ನಕ್ಕೆ ಏನಾಗಿತ್ತು ನಿಮಗೆ?" ಎಂದು ಸರೋಜ ದಾರಿಯುದ್ದಕ್ಕೂ ಬೈದಳು. ಅಂದಿನಿಂದ ನನ್ನ ಬಾಯಿಗೆ ಬೇರೆ ಉತ್ತರ ಬರುವುದಿಲ್ಲ.

ಸರೋಜ ತೀರಿಕೊಂಡು ಎರಡು ವರ್ಷವಾಯಿತು. ಈಗ ನನ್ನ ತಿಂಡಿ ಎಂದರೆ ಟೀಯಲ್ಲಿ ಅದ್ದಿದ ಬನ್ನು, ಅದೂ ಅಡುಗೆಮನೆಯಲ್ಲಿ ನಿಂತುಕೊಂಡೇ. ಕೂತರೆ ಎದುರಿಗೆ ಯಾರೂ ಇಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ. ಅದು ನನ್ನಿಂದ ಆಗುವುದಿಲ್ಲ.

ಕಳೆದ ಭಾನುವಾರ ಗಟ್ಟಿ ಮನಸ್ಸು ಮಾಡಿ ಬಿಸಿಬೇಳೆಬಾತಿಗೆ ಕೈಹಾಕಿದೆ. ಪಕ್ಕದ ಮನೆ ಶಿವಣ್ಣನನ್ನು ಎದುರಿಗೆ ಕೂರಿಸಿಕೊಂಡು ತಿನ್ನಬೇಕೆಂಬ ಆಸೆ. ಅವನು ರಿಟೈರಾದ ಬಸ್ ಕಂಡಕ್ಟರು. ಹೆಂಡತಿ ಮೊಮ್ಮಗುವನ್ನು ನೋಡಿಕೊಳ್ಳಲು ಚಿಕ್ಕನಾಯಕನಹಳ್ಳಿಯ ಮಗಳ ಮನೆಗೆ ಹೋಗಿ ತಿಂಗಳಾಗಿತ್ತು. ಧನಿಯ, ಮೆಣಸಿನಕಾಯಿ, ಚಕ್ಕೆ ಹುರಿದೆ, ಕೊಬ್ಬರಿ ತುರಿದು ಸೇರಿಸಿದೆ. ಅಳತೆ ಮಾತ್ರ ಸರೋಜಳದು, ನೆಂಟರು ಬಂದಾಗ ಅವಳು ಅಳೆಯುವುದನ್ನು ನೋಡಿ ಕಲಿತದ್ದು. ಹುಣಸೆರಸ ಬಿದ್ದು ಕುದಿಯುವ ಹೊತ್ತಿಗೆ ಇಬ್ಬರ ಬಾತು ಎಂಟು ಜನರದಾಗಿ, ನಾನು ಎರಡು ಪಾತ್ರೆ ಬದಲಿಸಿ ಬಚ್ಚಲ ಹಂಡೆಯ ಕಡೆ ನೋಡುತ್ತಿದ್ದೆ.

ಇನ್ನು ಕರೆಯಬೇಕಲ್ಲ! "ಬಾರಯ್ಯಾ, ಒಬ್ಬನಿಗೇ ಬೇಜಾರು" ಎನ್ನಲು ನಾಚಿಕೆ. ಬಾಗಿಲು ಪೂರ್ತಿ ತೆರೆದು ಒಗ್ಗರಣೆ ಹಾಕಿ, ಘಮವೇ ಅವನನ್ನು ಕರೆಯಲಿ ಎಂದು ಜಗಲಿಯಲ್ಲಿ ಪೇಪರ್ ಹಿಡಿದು ಕೂತೆ. ಬಂದೇಬಿಟ್ಟ. ಮೂಗರಳಿಸಿ ಒಳಗೊಮ್ಮೆ ನೋಡಿದ.

"ಏನ್ಲಾ, ತಿಂಡಿ ಆಯ್ತಾ?"

"ಆಯ್ತು ಕಣ್ಲಾ. ನಿಂದು?"

"ನಂದೂ ಆಯ್ತು ಬುಡು. ಬತ್ತೀನಿ."

ಹೋಗಿಯೇಬಿಟ್ಟ. ಕೂಗಿ ಕರೆಯೋಣವೆಂದರೆ ಏನೆಂದು ಕರೆಯಲಿ? ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ಬಾತಿನ ಜೊತೆಗೆ ಖಾರಾಬೂಂದಿಯಾದರೂ ಇರಲಿ ಎಂದು ಬಸ್ ಸ್ಟ್ಯಾಂಡಿನ ಕಡೆ ಹೋದೆ. ಅಲ್ಲಿ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಶಿವಣ್ಣ ಒಬ್ಬನೇ ತಟ್ಟೆ ಇಡ್ಲಿ ಮುರಿಯುತ್ತಿದ್ದ. ನನ್ನನ್ನು ಕಂಡು ಕೈ ನಿಂತಿತು.

"ಇದು ಎಲ್ಡನೇ ಸಲ ಕಣ್ಲಾ" ಎಂದ, ನಾನು ಏನೂ ಕೇಳದಿದ್ದರೂ. ಆಮೇಲೆ ಎದುರಿನ ಕುರ್ಚಿಯನ್ನು ಕಾಲಿನಲ್ಲಿ ತಳ್ಳಿ, "ಕುಂತ್ಕೋ. ನೀನೂ ಎಲ್ಡನೇ ಸಲ ತಿನ್ನು" ಎಂದ.

ಮನೆಗೆ ಬಾ, ಬಾತಿದೆ ಎನ್ನುವ ಮಾತು ಗಂಟಲವರೆಗೆ ಬಂತು. ಹೇಳಿದರೆ ನನ್ನ ಸುಳ್ಳಿನ ಜೊತೆ ಅವನದೂ ಬಯಲಾಗುತ್ತಿತ್ತು. ಕೂತು ಎರಡು ಇಡ್ಲಿ ಹೇಳಿದೆ. ಇಡ್ಲಿ ಗಟ್ಟಿ, ಚಟ್ನಿ ನೀರು. ಆದರೂ ಎಷ್ಟು ಚೆನ್ನಾಗಿತ್ತು! ಅವನು ಯಾವುದೋ ಹಳೆಯ ರೂಟಿನ ಡ್ರೈವರನ್ನು ಬೈಯುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ. ನನ್ನ ಇಡ್ಲಿ ಮುಗಿಯಿತು. ಶಿವಣ್ಣ ಕೈತೊಳೆಯಲು ಎದ್ದ. ಎದುರಿಗಿರುವವನು ಇನ್ನೂ ತಿನ್ನುತ್ತಿರುವಾಗ ಏಳಬಾರದೆಂಬುದು ನಮ್ಮ ಕಡೆ ಹೋಟೆಲಿನಲ್ಲೂ ನಡೆಯುತ್ತದೆ. ಮನೆಯಲ್ಲಿ ಎಂಟು ಜನರ ಬಾತು ಇಟ್ಟುಕೊಂಡ ನಾನು, ಹೊಟ್ಟೆಯಲ್ಲಿ ಒಂದು ತುತ್ತಿಗೂ ಜಾಗವಿಲ್ಲದಿದ್ದರೂ, ಸಪ್ಲೈಯರನ್ನು ಕೂಗಿ ಮೂರನೇ ಇಡ್ಲಿ ಹೇಳಿದೆ. ಶಿವಣ್ಣ ಮತ್ತೆ ಕೂತ.