ಕೆಂಪಿಗೆ ಸೈಕಲ್ ಬೆಲ್ ಕಲಿಸಿದ್ದು

ಮಕ್ಕಳಿಗಿಂತ ಹಸುವಿಗೆ ಪಾಠ ಹೇಳುವುದು ಸುಲಭವೆಂದು ನಾನು ನಂಬಿದ್ದ ಕಾಲವೊಂದಿತ್ತು. ಹಸು ಎದುರು ಮಾತಾಡುವುದಿಲ್ಲವಲ್ಲ!

ಆಗ ನಾನು ಜಡಿಗೇನಹಳ್ಳಿಯ ಹತ್ತಿರ ನಮ್ಮೂರಿನ ಶಾಲೆಯಲ್ಲಿ ಮೇಷ್ಟ್ರು. ಆ ವರ್ಷ ತರಬೇತಿಗೆಂದು ದಿನವೂ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ಅಲ್ಲಿ ಕಲಿಕೆಯ ಮೇಲೆ ಒಂದು ಪುಸ್ತಕ ಕೊಟ್ಟರು. ಮೊದಲ ಅಧ್ಯಾಯದಲ್ಲೇ ರಷ್ಯಾದ ಒಂದು ನಾಯಿ. ಗಂಟೆ ಬಾರಿಸಿ ತಿನ್ನಲು ಹಾಕುತ್ತ ಬಂದರೆ, ಕೆಲವು ದಿನಗಳಲ್ಲಿ ಬರೀ ಗಂಟೆಗೇ ಅದರ ಬಾಯಲ್ಲಿ ನೀರೂರುತ್ತದಂತೆ. ವಾಪಸ್ಸು ಬರುವಾಗ ಬಸ್ಸು ಹೊಸಕೋಟೆ ತಲುಪುವಷ್ಟರಲ್ಲಿ ಅಧ್ಯಾಯ ಮುಗಿಯಿತು. ಎರಡನೆಯದನ್ನು ಓದುವ ಅಗತ್ಯ ನನಗೆ ಕಾಣಲಿಲ್ಲ.

ಅವಸರಕ್ಕೆ ಕಾರಣವಿತ್ತು. ನಮ್ಮ ಹಸು ಕೆಂಪಿ ಹಾಲು ಬಿಡದೆ ಒದೆಯುತ್ತಿದ್ದಳು. ಮೂರು ವಾರಕ್ಕೆ ಸರಿಯಾಗಿ ನನ್ನ ತಂಗಿ ಸರೋಜಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಏನು ಗತಿ ಎಂದು ನನಗೆ ನಿಜವಾಗಿಯೂ ಭಯವಿತ್ತು. ಬಂದವರಿಗೆ ಒಳ್ಳೆಯ ಕಾಫಿಯನ್ನಾದರೂ ಕೊಡಬೇಡವೆ?

"ನಾಯಿಗೆ ಜೊಲ್ಲು ಬಂದ್ರೆ ನಮ್ಮ ಹಸು ಹಾಲು ಕೊಡ್ತದೇನ್ರೀ?" ಎಂದಳು ಹೆಂಡತಿ ಜಯಮ್ಮ.

"ತತ್ವ ಒಂದೇ ಕಣೇ. ನಿಂಗೆ ಅರ್ಥ ಆಗಲ್ಲ."

ದೇವರ ಗಂಟೆಯನ್ನು ಅವಳು ಕೊಡಲಿಲ್ಲ. ಊರಿಗೆಲ್ಲ ಒಂದೇ ಆಗಿದ್ದ ನನ್ನ ಸೈಕಲ್ಲಿನ ಬೆಲ್ ಬಿಚ್ಚಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆ. ಬೆಲ್ ಹೊಡೆಯುವುದು, ತಕ್ಷಣ ಕೈಯಾರೆ ಕಲಗಚ್ಚಿನಲ್ಲಿ ಕಡಲೆಕಾಯಿ ಹಿಂಡಿ ಕಲಸಿ ಇಡುವುದು, ಕೆಂಪಿ ತಿನ್ನುವಾಗ ಜಯಮ್ಮ ಹಾಲು ಕರೆಯುವುದು. ಎರಡು ವಾರದಲ್ಲಿ ಬೆಲ್ ಕೇಳಿದರೆ ಸಾಕು, ಕೆಂಪಿಯ ಕೆಚ್ಚಲಿಂದ ತಾನಾಗಿಯೇ ಹಾಲು ತೊಟ್ಟಿಕ್ಕತೊಡಗಿತು! ಊರವರು ಬಂದು ನೋಡಿಹೋದರು. ನಾನು ಅವರಿಗೆಲ್ಲ ರಷ್ಯಾದ ನಾಯಿಯ ವೃತ್ತಾಂತವನ್ನು ವಿವರಿಸಿದೆ.

ಆ ಭಾನುವಾರ ಬಂತು. ಗಂಡಿನ ಕಡೆಯವರು ಬಂದ ಮೇಲೆಯೇ ಹಾಲು ಕರೆದು ನೊರೆಹಾಲಿನ ಕಾಫಿ ಕೊಡಬೇಕೆಂಬುದು ನನ್ನ ಏರ್ಪಾಡು. ಗಂಡು, ಗಂಡಿನ ತಂದೆ, ಸೋದರಮಾವ, ಮೂವರೂ ಮೂರು ಸೈಕಲ್ಲಿನಲ್ಲಿ ಬಂದರು. ನಮ್ಮ ಬೀದಿಯ ತಿರುವಿನಲ್ಲಿ ಮೂರು ಬೆಲ್ಲುಗಳೂ ಒಟ್ಟಿಗೆ ಮೊಳಗಿದವು.

ಕೆಂಪಿ ಹಾಲು ಬಿಟ್ಟಳು. ಸಗಣಿಯ ಮೇಲೆ! ಆಮೇಲೆ ಗೂಟ ಕಿತ್ತುಕೊಂಡು ಹಿಂಡಿಗಾಗಿ ಬೀದಿಗೆ ಓಡಿದಳು.

ಮುಂದಿದ್ದವರು ಗಂಡಿನ ತಂದೆ. ಹಸು ದಾರಿಗೆ ಅಡ್ಡ ಬಂದರೆ ಯಾರಾದರೂ ಏನು ಮಾಡುತ್ತಾರೆ? ಬೆಲ್ ಹೊಡೆಯುತ್ತಾರೆ. ಅವರೂ ಹೊಡೆದರು. ಕೆಂಪಿ ಇನ್ನೂ ಹತ್ತಿರ ಬಂದಳು. ಅವರು ಗಾಬರಿಯಿಂದ ಇನ್ನೂ ಜೋರಾಗಿ ಹೊಡೆದರು.

"ಬೆಲ್ ಹೊಡೀಬೇಡಿ ಸ್ವಾಮಿ!" ಎಂದು ನಾನು ಕೂಗಿದೆ.

"ಹಸ ಮೈಮ್ಯಾಲೆ ಬತ್ತಾ ಐತೆ, ಹೊಡೀದೆ ಏನ್ ಮಾಡ್ಲಿ?" ಎನ್ನುತ್ತಲೇ ಅವರು ಸೈಕಲ್ ಸಮೇತ ತಿಪ್ಪೆಗೆ ಉರುಳಿದರು. ಹ್ಯಾಂಡಲ್ಲಿಗೆ ನೇತುಹಾಕಿದ್ದ ಚೀಲದಿಂದ ಹೆಣ್ಣಿಗೆ ತಂದಿದ್ದ ಹೂವನ್ನೂ ಬಾಳೆಹಣ್ಣನ್ನೂ ಕೆಂಪಿ ಸಾವಧಾನವಾಗಿ ತಿಂದಳು.

ನಾನು ಕಂಬದ ಹಾಗೆ ನಿಂತಿದ್ದೆ. ಕರೆಯುವ ತನಕ ಹೊರಗೆ ಬರಬಾರದಾಗಿದ್ದ ಸರೋಜ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದಳು. ಕೆಂಪಿಯ ಕತ್ತಿಗೆ ಒಂದು ಏಟು ಕೊಟ್ಟು ಹಗ್ಗ ಹಿಡಿದು ಎಳೆದುಕೊಂಡು ಹೋದಳು. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೇ ಮುಗಿಯಿತು.

ಕಾಲು ತೊಳೆದುಕೊಂಡು, ಹಾಲಿಲ್ಲದ ಕಾಫಿ ಕುಡಿದು, ಗಂಡಿನ ತಂದೆ ಹೇಳಿದರು: "ಹುಡ್ಗಿ ನಮಗೆ ಒಪ್ಪಿಗೆ. ಆದ್ರೆ ಮೇಷ್ಟ್ರೇ, ಮದುವೇಗ್ ಮುಂಚೆ ಆ ಹಸೀಗೆ ಕಲಿಸಿದ್ನ ಮರೆಸ್ಬುಡಿ. ನಮ್ಮೋರೆಲ್ಲ ಸೈಕಲ್ನಾಗೇ ಬರೋದು."

ಅಂದು ಸಂಜೆಯೇ ಉಳಿದ ಅಧ್ಯಾಯಗಳನ್ನು ಓದಿದೆ. ಒಂದು ಗಂಟೆಯ ಸದ್ದಿಗೆ ಪಳಗಿದ ಪ್ರಾಣಿ ಅಂಥದೇ ಬೇರೆ ಸದ್ದಿಗೂ ಹಾಗೆಯೇ ವರ್ತಿಸುತ್ತದೆಂದು ಎರಡನೆಯದರಲ್ಲಿ ಸ್ಪಷ್ಟವಾಗಿ ಬರೆದಿತ್ತು! ಮರೆಸುವ ವಿಧಾನ ಮೂರನೆಯದರಲ್ಲಿತ್ತು: ಗಂಟೆ ಬಾರಿಸಬೇಕು, ಏನೂ ಕೊಡಬಾರದು. ನಾನು ತರಬೇತಿಗೆ ಹೋದ ಮೇಲೆ ಜಯಮ್ಮ ದಿನವೂ ಬೆಲ್ ಹೊಡೆದು ಸುಮ್ಮನೆ ಒಳಗೆ ಹೋಗತೊಡಗಿದಳು.

ಮದುವೆಯ ದಿನ ಮನೆ ಮುಂದಿನ ಚಪ್ಪರದ ಬಳಿ ಬೀಗರ ಸೈಕಲ್ಲುಗಳು ಬಂದು ನಿಂತವು. ಯಾರೋ ಜೋರಾಗಿ ಬೆಲ್ ಹೊಡೆದರು. ತಕ್ಷಣ ಕೊಟ್ಟಿಗೆಯತ್ತ ನೋಡಿದೆ. ಕೆಂಪಿ ಮೆಲುಕು ಹಾಕುತ್ತಲೇ ಇದ್ದಳು; ತಲೆಯನ್ನೂ ಎತ್ತಲಿಲ್ಲ. ವಿಜ್ಞಾನ ಗೆದ್ದಿತ್ತು!

"ಎಲ್ಲಿ ನಮ್ಮ ಮೇಷ್ಟ್ರು?" ಎಂದು ಬೀಗರು ಕೇಳಿದ್ದು ಕಿವಿಗೆ ಬಿತ್ತು.

"ಕೊಟ್ಟಿಗೇಲಿದಾರೆ ನೋಡಿ," ಎಂದಳು ಜಯಮ್ಮ.

ನಾನು ಜರಿ ಪಂಚೆ ಉಟ್ಟು, ಮೊಣಕೈವರೆಗೂ ಕಲಗಚ್ಚಿನಲ್ಲಿ ಹಿಂಡಿ ಕಲಸುತ್ತಿದ್ದೆ.