ಹಗೇವಿನ ಮೇಲೆ ಹೊಸ ಕಾರು

ಚಂದ್ರಕುಮಾರ್ ಕಾರು ಕೊಂಡು ಎಂಟು ದಿನವಾಗಿತ್ತು, ನಿಲ್ಲಿಸಲು ಜಾಗ ಮಾತ್ರ ಸಿಕ್ಕಿರಲಿಲ್ಲ. ಗುಂಡ್ಲುಪೇಟೆಯ ಆ ಇಕ್ಕಟ್ಟಿನ ಬೀದಿಯಲ್ಲಿ ಈರುಳ್ಳಿ ಲಾರಿಗಳು ಕಾರಿನ ಮೈ ತರಚಿಯೇ ಹೋಗುತ್ತಿದ್ದವು. ಪಕ್ಕದ ಮನೆಯ ಈರುಳ್ಳಿ ವ್ಯಾಪಾರಿ ಸೋಮಣ್ಣನ ಅಂಗಳವೊಂದೇ ಗತಿ. ಅವನು ಹೂಂ ಅಂದ ಮರುದಿನ ಬೆಳಿಗ್ಗೆಯೇ ಅಂಗಳದಲ್ಲಿ ಹಳೆಯ ಹಗೇವು ಪತ್ತೆಯಾಯಿತು. ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು.

"ಒಳಗೆಲ್ಲ ಪೊಳ್ಳು ಕಣ ಮೇಷ್ಟ್ರೇ. ಮುಚ್ಚುಸೋಗಂಟ ಕಾರು ಬ್ಯಾಡ," ಎಂದ ಸೋಮಣ್ಣ.

ಇದನ್ನು ಹೇಳಿದ್ದು ಯಾರಿಗೆ! ಚಂದ್ರಕುಮಾರ್ ಚಾಮರಾಜನಗರದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರು. ಸುರಂಗದ ಸುತ್ತಲ ಮಣ್ಣು ಎಷ್ಟು ಭಾರ ತಡೆದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತ ಆರು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ. ಸುರಂಗ ಮಾತ್ರ ಒಂದನ್ನೂ ಕಂಡವನಲ್ಲ. ಕತ್ತಲೆ ಗುಂಡಿ ಎಂದರೆ ಪಾಪ, ಅವನಿಗೆ ಜೀವ ಹಾರಿಹೋಗುತ್ತಿತ್ತು.

"ಒಂದಿಷ್ಟು ಮಣ್ಣು ತೆಗೆಸಿಕೊಡಿ. ಸಂಜೆಯೊಳಗೆ ಲೆಕ್ಕ ಹಾಕಿ ಹೇಳ್ತೀನಿ."

"ನೀವೇ ಒಂದ್ಸಲ ಇಳ್ದು ನೋಡಿ ಸಾ. ಗ್ವಾಡೆ ಮುಟ್ಟುದ್ರೆ ಉದುರ್ತದ," ಎಂದ ಹಗೇವು ನೋಡಲು ಬಂದಿದ್ದ ಬಾವಿ ತೋಡುವ ಶಿವಮಲ್ಲು.

"ನಾನ್ಯಾಕೆ ಇಳೀಲಿ? ಕಂಪ್ಯೂಟರ್ ಇಳಿಯುತ್ತೆ."

ಸೋಮಣ್ಣನ ತಾಯಿ ಗುರುಮಲ್ಲಮ್ಮ ಮಡಿಬಟ್ಟೆಯಲ್ಲಿ ಮಣ್ಣು ಕಟ್ಟಿ, ಮೇಲೆ ಅರಿಶಿನ ಕುಂಕುಮ ಇಟ್ಟು ತಂದುಕೊಟ್ಟಳು. "ಹೊಸ ಕೆಲ್ಸ ಕಣಪ್ಪ, ಒಳ್ಳೇದಾಗ್ಲಿ."

ಕಾಲೇಜಿನ ಲ್ಯಾಬಿನಲ್ಲಿ ಆ ಮಣ್ಣು ನೋಡಿ ಚಂದ್ರಕುಮಾರನಿಗೆ ಪರಮಾನಂದವಾಯಿತು. ಉಂಡೆ ಕಟ್ಟಿ ಒಣಗಿಸಿದರೆ ಸುತ್ತಿಗೆಗೂ ಜಗ್ಗಲೊಲ್ಲದು. ಮೂರು ಗಂಟೆಯ ಹೊತ್ತಿಗೆ ಕಂಪ್ಯೂಟರು ಹಗೇವಿನ ಸುತ್ತಲ ನೆಲವನ್ನು ಎಂಟು ಸಾವಿರ ತ್ರಿಕೋನಗಳಾಗಿ ಕತ್ತರಿಸಿ, ಒಂದೊಂದರ ಮೇಲೂ ಬೀಳುವ ಭಾರ ಎಣಿಸಿ, ಬಣ್ಣ ಬಳಿದು ಕೊಟ್ಟಿತು.

ಸಂಜೆ ಬೀದಿಗೆ ಬೀದಿಯೇ ಲ್ಯಾಪ್‌ಟಾಪಿಗೆ ಮುಗಿಬಿತ್ತು.

"ಅಯ್ಯೋ, ಸುತ್ತಾ ಕೆಂಪಗೇ ಅದಲ್ಲ!" ಎಂದಳು ಎದುರುಮನೆಯ ನಾಗಲಕ್ಷ್ಮಿ.

"ಅಲ್ಲಿ ಒತ್ತಡ ಜಾಸ್ತಿ, ಅಷ್ಟೇ. ತಡೆಯೋ ಶಕ್ತಿ ಅದರ ಮೂರರಷ್ಟಿದೆ. ಕಾರೇನು, ಸೋಮಣ್ಣನವರ ಲಾರೀನೇ ನಿಲ್ಲಿಸಬಹುದು."

"ಲಾರಿ ಇರ್ಲಿ ಬುಡಿ," ಎಂದ ಸೋಮಣ್ಣ. "ಲೆಕ್ಕ ನಿಮ್ದು, ಕಾರೂ ನಿಮ್ದು. ಮೊದ್ಲು ನೀವೇ ಹತ್ಸಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನುವುದಾದರೂ ಹೇಗೆ? ಚಂದ್ರಕುಮಾರ್ ಕಾರು ಹತ್ತಿದ. ಶಿವಮಲ್ಲು ಹತ್ತು ಹೆಜ್ಜೆ ಹಿಂದೆ ಸರಿದ. ಅವನ ಜೊತೆ ಬೀದಿಯೂ ಸರಿಯಿತು. ಮುಂದಿನ ಚಕ್ರಗಳು ಹಗೇವಿನ ಮೇಲೆ ಬಂದು ನಿಂತವು. ಏನೂ ಆಗಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಹಾಕಿ, "ನೋಡಿದ್ರಾ?" ಎಂದ.

ಧಸಕ್! ಕಾರು ಕೆರೆಯಲ್ಲಿ ನೀರು ಕುಡಿಯುವ ಎಮ್ಮೆಯ ಹಾಗೆ ಮೂತಿ ಒಳಗಿಟ್ಟು ಹಿಂಭಾಗ ಎತ್ತಿ ನಿಂತಿತು.

ಹಿಂದಿನ ಬಾಗಿಲಿಂದ ಎಳೆದು ಹಾಕಿದಾಗ ಚಂದ್ರಕುಮಾರ್ ಬಾಯಲ್ಲಿನ ಮಣ್ಣು ಉಗಿದು ಕೂಗಿದ: "ಸಾಧ್ಯವೇ ಇಲ್ಲ! ಆ ಮಣ್ಣು ಕುಸಿಯೋ ಮಣ್ಣೇ ಅಲ್ಲ!"

"ಅದೆಲ್ಲಿ ಕುಸುದದಪ್ಪ? ಅದು ಗಟ್ಟಿಯಾಗೇ ನಿಂತದ," ಎಂದಳು ಗುರುಮಲ್ಲಮ್ಮ. ಎಲ್ಲರೂ ಅವಳತ್ತ ತಿರುಗಿದರು. "ಹೆಗ್ಗಣ ಸತ್ತಿದ್ದ ಗುಂಡಿ ಮಣ್ಣ ಓದ್ದೋರ ಕೈಗೆ ಎಂಗ್ ಕೊಡದು? ಅದ್ಕೆ ಹೊಲದ ಹುತ್ತದ ಮಣ್ಣ ತಂದು, ಜರಡಿ ಹಿಡ್ದು, ಪೂಜೆ ಮಾಡಿ ಕೊಟ್ಟೆ."

ಚಂದ್ರಕುಮಾರನ ಮಣ್ಣು ಮೆತ್ತಿದ ಮೋರೆ ಅರಳಿತು. ಕಾರಿನ ನೆನಪೇ ಹಾರಿಹೋಯಿತು. "ಹಾಗಾದ್ರೆ ನನ್ನ ಲೆಕ್ಕ ಸರಿಯಾಗೇ ಇತ್ತು!"

ಸೋಮಣ್ಣ ಮೇಲೆದ್ದ ಕಾರಿನ ಹಿಂಭಾಗವನ್ನೊಮ್ಮೆ, ಮೇಷ್ಟರನ್ನೊಮ್ಮೆ ನೋಡಿದ.

"ಸರಿಯಾಗೇ ಅದ ಮೇಷ್ಟ್ರೇ. ನಾಳಿಂದ ಆ ಹುತ್ತದ ಮ್ಯಾಲೇ ನಿಲ್ಸ್ಕಳಿ. ಒಳಗಿರೋ ನಾಗಪ್ಪನ್ನ ಮಾತ್ರ ಒಂದ್ ಮಾತು ಕೇಳ್ಬುಡಿ."