ಮಗಳನ್ನು ದತ್ತು ಪಡೆಯುವ ಹಾಗೂ ಮಾಯವಾದ ಫ್ರಿಜ್ಜಿನ ಬಗ್ಗೆ

ಇಂದ,
ಮಹಾನಂದಾ ಅಂದಾನೆಪ್ಪ, ವಯಸ್ಸು 43, ಮದುವೆ ಇಲ್ಲ,
ಉದ್ಯೋಗ: ರೊಟ್ಟಿ ಮಾಡಿ ಮಾರುವುದು,
ಮುನವಳ್ಳಿ, ತಾ. ಸವದತ್ತಿ.
(ಅರ್ಜಿದಾರಳು ಒಲೆ ಬಿಟ್ಟು ಏಳಲಾಗದ ಕಾರಣ ಬರೆದವರು: ಗುರುನಾಥ, ಅರ್ಜಿ ಬರೆಯುವವರು)

ಗೆ,
ಮಾನ್ಯ ಅಧ್ಯಕ್ಷರು, ಮಕ್ಕಳ ಕಲ್ಯಾಣ ಸಮಿತಿ.

ವಿಷಯ: ಪೋಷಕತ್ವದಲ್ಲಿರುವ ಮಧು (9 ವರ್ಷ) ಎಂಬವಳನ್ನು ಅರ್ಜಿದಾರಳಿಗೇ ದತ್ತು ಕೊಡಲು ಶಿಫಾರಸು ಕೋರಿ.

ಉಲ್ಲೇಖ: 1) ಹಳೆಯ ಮನೆಭೇಟಿ ವರದಿಗಳು, ಎಂಟು (ಫ್ರಿಜ್ಜು ಇದೆ).
2) ಕಳೆದ ಗುರುವಾರದ ವರದಿ (ಫ್ರಿಜ್ಜು ಇಲ್ಲ).

ಮಾನ್ಯರೇ,

1. ಸದರಿ ಮಧು ಎರಡು ವರ್ಷದ ಹಿಂದೆ ಬಾಲಮಂದಿರದಿಂದ ಅರ್ಜಿದಾರಳ ಮನೆಗೆ ಬಂದಳು. ಪೋಷಕತ್ವವೆಂದರೆ ಸಾಕಲು ಕೊಟ್ಟದ್ದು, ಮಗು ಇನ್ನೂ ಇಲಾಖೆಯದೇ ಎಂದು ಅಂದೇ ತಿಳಿಸಲಾಗಿತ್ತು. ಎರಡು ವರ್ಷ ಹೊಂದಿಕೊಂಡು ಬಾಳಿದರೆ, ಹೆತ್ತವರ ಕಡೆಯವರು ಯಾರೂ ಇಲ್ಲವೆಂದು ಖಚಿತವಾದರೆ, ದತ್ತು ಕೇಳಬಹುದೆಂದೂ ತಿಳಿಸಲಾಗಿತ್ತು. ಅರ್ಜಿದಾರಳು ಅಂದಿನಿಂದ ದಿನ ಎಣಿಸುತ್ತಿದ್ದಾಳೆ.

2. ಮೊದಲ ಭೇಟಿಗೆ ಮುಂಚೆ ಇಲಾಖೆಯಿಂದ "ಮನೆ ನೋಡಲು ಬರುತ್ತೇವೆ" ಎಂದು ಫೋನ್ ಬಂತು. ನಮ್ಮ ಕಡೆ ಮನೆ ನೋಡಲು ಬರುವವರು ಹೆಣ್ಣು ಕೊಡುವವರು. ಆ ದಿನ ಓಣಿಯವರೆಲ್ಲ ತಂತಮ್ಮ ಒಳ್ಳೆಯ ಸಾಮಾನನ್ನು ಆ ಮನೆಯಲ್ಲಿ ತಂದಿಡುವುದು ವಾಡಿಕೆ. ಆ ಕಾರಣ, ಪಕ್ಕದ ಮನೆಯ ಕೆಂಚವ್ವ, "ಸರಕಾರದವರು ಹುಡುಗಿ ಕೊಡಾಕ ಬರಾಕತ್ತಾರ, ಬರೇ ಗ್ವಾಡಿ ತೋರಸ್ತಿಯೇನ?" ಎಂದು ತನ್ನ ಫ್ರಿಜ್ಜು ಹೊರಿಸಿಕೊಂಡು ಬಂದಳು. ಅದೇ ಓಣಿಯ ಮಡಿವಾಳೆಪ್ಪ ಕುರ್ಚಿಗಳನ್ನು ತಂದ.

3. ಅಧಿಕಾರಿ ಶೈಲಶ್ರೀ ಮೇಡಂ "ಸುಸಜ್ಜಿತ ಮನೆ" ಎಂದು ಬರೆದುಕೊಂಡರು. ಒಮ್ಮೆ ಬರೆದ ಮೇಲೆ ಮುಗಿಯಿತು. ಆದ್ದರಿಂದ ಎಂಟು ಭೇಟಿಗೂ ಫ್ರಿಜ್ಜು ಓಣಿ ದಾಟಿತು, ಎಂಟು ಸಲವೂ ಕೆಂಚವ್ವನ ಹಾಲು ಒಡೆಯಿತು.

4. ಕಳೆದ ಗುರುವಾರ ಮೇಡಂ ಫೋನ್ ಮಾಡದೆ ಬಂದರು. ಮನೆಯಲ್ಲಿ ಒಲೆ, ಹಿಟ್ಟು, ಎರಡು ಚಾಪೆ. ಸಾಮಾನು ಮಾರಿಕೊಂಡಿರೇನು ಎಂದು ಅವರು ಕೇಳಿದ್ದು ನ್ಯಾಯವೇ. ಅರ್ಜಿದಾರಳು ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿದಳು. ಮಧುವಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಫ್ರಿಜ್ಜು ಕೆಂಚವ್ವ ಆಯಿದ್ರಿ. ಕುರ್ಚಿ ಮಡಿವಾಳೆಪ್ಪ ಕಾಕಾಂದ್ರಿ. ನೀವು ಬರೂ ದಿನ ಅಷ್ಟ ತರ್ತೇವ್ರಿ."

"ಹಂಗಾರ ಈ ಮನ್ಯಾಗ ನಿಮ್ಮದು ಏನೈತಿ?"

"ನಮ್ಮವ್ವ ಅದಾಳಲ್ರಿ."

ವರದಿಯಲ್ಲಿ "ಅಡುಗೆಮನೆಯಲ್ಲಿ ಹೊಗೆ" ಎಂದಿರುವುದು ಆ ಗಳಿಗೆಯದು. ಅಲ್ಲಿಯವರೆಗೆ ಮಧು ಅರ್ಜಿದಾರಳನ್ನು ಆಂಟಿ ಎನ್ನುತ್ತಿದ್ದಳು. ರೊಟ್ಟಿ ಹೊತ್ತಿದ್ದು ಅಜಾಗರೂಕತೆಯಿಂದಲ್ಲ, ಸಂತೋಷದಿಂದ. ಅದಕ್ಕೆ ಓಣಿಯೇ ಸಾಕ್ಷಿ.

5. ಸುಳ್ಳು ತೋರಿಸಿದ್ದು ತಪ್ಪು. ಅದು ದೊಡ್ಡವರದು, ಮಗುವಿನದಲ್ಲ. ಈಗ ಕಡತ ನಿಂತಿದೆ. ಮಧುವನ್ನು ವಾಪಸು ಕರೆದೊಯ್ಯುತ್ತಾರೇನೋ ಎಂದು ಅರ್ಜಿದಾರಳಿಗೆ ಅನ್ನ ಇಳಿಯುತ್ತಿಲ್ಲ.

ಆದ್ದರಿಂದ ಸಾಮಾನಿನ ಕಾಲಂನಲ್ಲಿ "ಇಲ್ಲ" ಎಂದು ಧಾರಾಳವಾಗಿ ಬರೆದುಕೊಂಡು, ಕಡತವನ್ನು ಶಿಫಾರಸಿನೊಂದಿಗೆ ಜಿಲ್ಲಾಧಿಕಾರಿಗಳಿಗೆ ಕಳಿಸಬೇಕಾಗಿ ಪ್ರಾರ್ಥನೆ.

ಇನ್ನು ಮುಂದೆ ನಿಜವಾಗಿಯೂ ತಮ್ಮ ವಿಶ್ವಾಸಿ,
ಮಹಾನಂದಾ

ಲಗತ್ತುಗಳು:
1) ಪೋಷಕತ್ವ ಆದೇಶದ ಪ್ರತಿ.
2) ಫ್ರಿಜ್ಜು ತನ್ನದೇ ಎಂದು ಕೆಂಚವ್ವನ ಹೇಳಿಕೆ, ಹೆಬ್ಬೆಟ್ಟು ಸಹಿತ.
3) ಮಧುವಿನ ಶಾಲೆಯ ಫಾರ್ಮಿನ ಝೆರಾಕ್ಸ್.

ಕೊನೆಯ ವಿನಂತಿ: ಲಗತ್ತು 3ರಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಮಧು ಯಾರನ್ನೂ ಕೇಳದೆ "ಮಹಾನಂದಾ" ಎಂದು ಬರೆದಿದ್ದಾಳೆ. ಪೆನ್ನಿನಿಂದ ಬರೆದ ಕಾರಣ ಅಳಿಸಲು ಬರುವುದಿಲ್ಲ. ಆದಕಾರಣ ಸಮಿತಿಯೇ ದಯವಿಟ್ಟು ಅದಕ್ಕೆ ಹೊಂದಿಕೊಂಡು ಹೋಗಬೇಕು.